ಶನಿವಾರ ಗಾಣ ನಿಲ್ಲಿಸಿದವರ ಊರುಗಳಲ್ಲಿ

ಗುರುವಾರ, ಮುಂಬೈ

ನಮ್ಮ ಬೆಳಗಾವಿ ಕಡೆ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕೊಂಕಣದ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಗಾಣಿಗರನ್ನು ಗುರುತಿಸುತ್ತಿದ್ದದ್ದೂ ವಾರದ ಮೇಲೆಯೇ. ಸೋಮವಾರ ಗಾಣಕ್ಕೆ ಬಿಡುವು ಕೊಡುವ ಹಿಂದೂಗಳು ಸೋಮವಾರ ತೇಲಿಗಳು, ಶುಕ್ರವಾರ ನಿಲ್ಲಿಸುವ ಮುಸಲ್ಮಾನರು ಶುಕ್ರವಾರ ತೇಲಿಗಳು, ಶನಿವಾರ ಎತ್ತು ಬಿಚ್ಚಿ ಕೂರುವವರು ಶನಿವಾರ ತೇಲಿಗಳು. ಈ ಮೂರನೆಯವರೇ ಬೆನೆ ಇಸ್ರೇಲ್ ಯೆಹೂದಿಗಳು. ಮನೆಮಾತು ಮರಾಠಿ. ಹೆಸರಿನ ಕೊನೆಗೆ ಊರು: ಕಿಹಿಮಿನವರು ಕಿಹಿಮ್‌ಕರ್, ಪೇಣಿನವರು ಪೇಣ್‌ಕರ್, ನವಗಾಂವಿನವರು ನವಗಾಂವ್‌ಕರ್.

ಠಾಣೆಯ ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳತಿ ಈ ಸಮಾಜದವಳು. ಆಕೆಯ ತಾಯಿಯನ್ನು ನಾನೂ ಮಾವಶಿ ಎಂದೇ ಕರೆಯುವುದು. ನಿವೃತ್ತಿಯಾಗಿ ಬೆಳಗಾವಿಗೆ ಬಂದ ಮೇಲೆ ಪ್ರತಿ ಮಾಘದಲ್ಲೂ ಮಾವಶಿಯಿಂದ ಕರೆ ಬರುತ್ತಿತ್ತು: ‘ಹುಣ್ಣಿಮೆಗೆ ಎಲಿಯಾಹು ಹನ್ನಾಬಿಯ ಉರೂಸ್ ಇದೆ, ಬಾ.’ ಎಲಿಯಾಹು ಹನ್ನಾಬಿ ಎಂದರೆ ಪ್ರವಾದಿ ಎಲಿಯಾಹು. ನಮ್ಮಲ್ಲಿ ಅದು ಭಾರತ ಹುಣ್ಣಿಮೆ, ಸವದತ್ತಿ ಗುಡ್ಡಕ್ಕೆ ಜನ ಹೊರಡುವ ಹೊತ್ತು. ಅವರ ಪಂಚಾಂಗದಲ್ಲಿ ಶೆವಾತ್ ತಿಂಗಳ ಹದಿನೈದು, ಗಿಡಮರಗಳ ಹೊಸ ವರ್ಷ. ಈ ಸಲ ಹೋದೆ.

ಈ ಜನರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳ ಮೇಲೆ ನನಗೊಂದು ತಕರಾರಿದೆ. ಎಲ್ಲರೂ ಹುಡುಕಿಕೊಂಡು ಹೋಗುವುದು ‘ಕೊನೆಯ ಯೆಹೂದಿ’ಯನ್ನು. ಖಾಲಿ ಬೆಂಚು, ತುಕ್ಕು ಹಿಡಿದ ಬೀಗ, ಒಬ್ಬ ಮುದುಕನ ಫೋಟೊ. 1948ರ ಸುಮಾರಿಗೆ 20,000ದಷ್ಟಿದ್ದ ಬೆನೆ ಇಸ್ರೇಲಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋದದ್ದು ನಿಜ. ಈಗ ಎಲ್ಲ ಪಂಗಡದ ಯೆಹೂದಿಗಳನ್ನು ಕೂಡಿಸಿದರೂ ಇಡೀ ದೇಶದಲ್ಲಿ 4-5 ಸಾವಿರ. ಆದರೆ ಅಷ್ಟು ಜನರಿಗೂ ಮದುವೆಯಿದೆ, ಜಗಳವಿದೆ, ಟ್ರಸ್ಟಿನ ಚುನಾವಣೆಯಿದೆ, ಹಬ್ಬದ ಚಂದಾ ಕೊಡದೆ ತಲೆತಪ್ಪಿಸಿಕೊಳ್ಳುವವರಿದ್ದಾರೆ. ಬದುಕಿರುವವರ ಮನೆಗೆ ಹೋಗಿ ಸಾವಿನ ಮನೆಯ ಮಾತಾಡುವುದು ಯಾವ ಸೀಮೆಯ ಸಭ್ಯತೆ?

ಬೆಳಿಗ್ಗೆ ರೈಲಿಳಿದು, ಲಾಡ್ಜಿನಲ್ಲಿ ಚೀಲವಿಟ್ಟು, ಮೊದಲು ಹೋದದ್ದು ಮಸ್ಜಿದ್ ಬಂದರಿಗೆ. ಕೈಗಾಡಿಗಳು, ಒಣಮೆಣಸಿನಕಾಯಿಯ ಘಾಟು, ಬೆನ್ನ ಮೇಲೆ ಮೂಟೆ ಹೊತ್ತು ‘ಬಾಜೂ, ಬಾಜೂ’ ಎಂದು ಕೂಗುವ ಹಮಾಲರು. ಇವೆಲ್ಲವನ್ನೂ ದಾಟಿ ಸ್ಯಾಮುಯೆಲ್ ಸ್ಟ್ರೀಟ್ ಸೇರಿದರೆ ಶಾರ್ ಹರಹಮೀಮ್ ಇದೆ. ‘ಕರುಣೆಯ ಬಾಗಿಲು’ ಎಂಬ ಹೆಸರಿನ ಇದು ಮುಂಬೈಯ ಮೊದಲ ಸಿನಗಾಗ್, ಎಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ, 1796ರಲ್ಲಿ ಸ್ಥಾಪನೆಯಾದದ್ದು. ಹೊರಗಿನಿಂದ ನೋಡಿದರೆ ಪಕ್ಕದ ಗೋದಾಮುಗಳ ನಡುವೆ ಕಣ್ಣಿಗೇ ಬೀಳದಷ್ಟು ಸಾದಾ ಕಟ್ಟಡ. ರೈಲು ನಿಲ್ದಾಣಕ್ಕೆ ‘ಮಸ್ಜಿದ್’ ಎಂದು ಹೆಸರು ಬಂದದ್ದು ಇದರಿಂದಲೇ ಎಂದು ಅವರು ಹೇಳುತ್ತಾರೆ, ಸಿನಗಾಗನ್ನು ಆಗ ಮಸೀದಿ ಎಂದೇ ಕರೆಯುತ್ತಿದ್ದರಂತೆ.

ಕನ್ನಡ ನಾಡಿನವರಿಗೆ ಈ ಸಿನಗಾಗಿನ ಕಥೆ ಗೊತ್ತಿರಬೇಕು. ಕಟ್ಟಿಸಿದವನು ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್, ಮನೆಯವರ ಬಾಯಲ್ಲಿ ಸಾಮಾಜಿ ಹಸಾಜಿ. ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೈನ್ಯದಲ್ಲಿ ಕಮಾಂಡೆಂಟ್. ಎರಡನೆಯ ಮೈಸೂರು ಯುದ್ಧದಲ್ಲಿ ಮೈಸೂರಿನವರ ಕೈಗೆ ಸೆರೆಸಿಕ್ಕ. ಕೈದಿಗಳ ಕುಲಗೋತ್ರ ವಿಚಾರಿಸುವಾಗ ಈತ ‘ನಾವು ಬೆನೆ ಇಸ್ರೇಲ್’ ಎಂದನಂತೆ. ಅದು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ‘ಕುರಾನಿನಲ್ಲಿ ಇವರ ಹೆಸರು ಓದಿದ್ದೇನೆ, ಕಣ್ಣಾರೆ ಕಂಡಿರಲಿಲ್ಲ, ಇವರನ್ನು ಕೊಲ್ಲಬೇಡ’ ಎಂದು ಮಗನನ್ನು ಕೇಳಿಕೊಂಡಳಂತೆ. ಬಿಡುಗಡೆಯಾದರೆ ಸಿನಗಾಗ್ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದ ದಿವೇಕರ್ ಊರಿಗೆ ಬಂದು ಮಾತು ಉಳಿಸಿಕೊಂಡ. ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದವನು ಅಲ್ಲಿಯೇ 1797ರಲ್ಲಿ ತೀರಿಕೊಂಡ. ತಾಯಿಯ ಮಾತಿಗೆ ಕಾಗದದ ಸಾಕ್ಷಿ ಕೇಳುವವರು ಕೇಳಲಿ. ಸಮಾಜವೊಂದು ತನ್ನ ಮೊದಲ ದೇವಸ್ಥಾನದ ಋಣವನ್ನು ಶ್ರೀರಂಗಪಟ್ಟಣದ ಒಬ್ಬ ಮುಸ್ಲಿಂ ಹೆಂಗಸಿನ ಹೆಸರಿಗೆ ಬರೆದಿಟ್ಟುಕೊಂಡು ಇನ್ನೂರು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದೆಯಲ್ಲ, ನನಗೆ ಅದು ಸಾಕು.

ಮಧ್ಯಾಹ್ನ ಕಾಲಾ ಘೋಡಾ. ಕೆನೆಸೆತ್ ಎಲಿಯಾಹೂ ಸಿನಗಾಗ್ 1884ರದು, ಬಗ್ದಾದಿನಿಂದ ಬಂದ ಯೆಹೂದಿ ಸಸೂನ್ ಮನೆತನ ಕಟ್ಟಿಸಿದ್ದು. ಬಣ್ಣದ ಗಾಜು, ಎತ್ತರದ ಕಂಬಗಳು. 2019ರಲ್ಲಿ ದುರಸ್ತಿ ಮುಗಿದ ಮೇಲೆ ಪ್ರವಾಸಿಗರ ಸಾಲು ಹೆಚ್ಚಾಗಿದೆ. ಬಾಗಿಲಲ್ಲಿ ಪೊಲೀಸರು, ಗುರುತಿನ ಚೀಟಿ ತೋರಿಸಿಯೇ ಒಳಗೆ. ಒಂದು ಕಾಲದಲ್ಲಿ ಬಗ್ದಾದಿ ಶ್ರೀಮಂತರು ಕೊಂಕಣದ ಈ ಗಾಣಿಗರನ್ನು ಸರಿಸಮಾನರೆಂದು ಒಪ್ಪುತ್ತಿರಲಿಲ್ಲ, ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರ ಎಣಿಕೆಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಸಸೂನರು ಲಂಡನ್ನಿಗೆ ಹೋದರು. ಇಂದು ಅವರ ಸಿನಗಾಗುಗಳಲ್ಲಿ ದೀಪ ಆರದಂತೆ ನೋಡಿಕೊಳ್ಳುವವರು ಹೆಚ್ಚಾಗಿ ಬೆನೆ ಇಸ್ರೇಲಿಗಳೇ. ಇದನ್ನು ಹೇಳಿ ಗೆಳತಿ ನಕ್ಕಳು. ನಗುವಿನಲ್ಲಿ ಸ್ವಲ್ಪ ಖಾರವೂ ಇತ್ತು.

ಪೊಲೀಸರು ಯಾಕೆಂಬುದು ಕೊಲಾಬಾದ ಯೆಹೂದಿ ಕೇಂದ್ರ ನರೀಮನ್ ಹೌಸಿಗೆ ಹೋದರೆ ತಿಳಿಯುತ್ತದೆ. 2008ರ ನವೆಂಬರ್ 26ರಂದು ನುಗ್ಗಿದ ಉಗ್ರರು ಅಲ್ಲಿ ರಬ್ಬಿ, ಎಂದರೆ ಯೆಹೂದಿ ಧರ್ಮಗುರು, ಗವ್ರಿಯೆಲ್ ಹೋಲ್ಟ್ಸ್‌ಬರ್ಗ್, ಹೆಂಡತಿ ರಿವ್ಕಾ, ನಾಲ್ವರು ಅತಿಥಿಗಳನ್ನು ಕೊಂದರು. ಎರಡು ವರ್ಷದ ಮಗು ಮೋಶೆಯನ್ನು ಎತ್ತಿಕೊಂಡು ಓಡಿ ಹೊರಬಂದವಳು ಅವನನ್ನು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸ್ಯಾಮುಯೆಲ್. ಗುಂಡು ಹೊಕ್ಕ ಗೋಡೆಗಳನ್ನು ಗಿಲಾವು ಮಾಡದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೊಲೆಯಾದವರು ಹೊರದೇಶದವರು, ಆದರೆ ಪ್ರತಿ ಶುಕ್ರವಾರ ಆ ಮನೆಯಲ್ಲಿ ಊಟಕ್ಕೆ ಯಾರು ಬಂದರೂ ಜಾಗವಿತ್ತು ಎಂದು ಗೆಳತಿ ಹೇಳಿದಳು. ಅವಳ ತಮ್ಮನೂ ಅಲ್ಲಿ ಉಂಡವನೇ.

ಶುಕ್ರವಾರ, ಠಾಣೆ

ಮುಂಬೈಯ ಬಾಡಿಗೆ ಕಟ್ಟಲಾರದ ಸಂಸಾರಗಳೆಲ್ಲ ಲೋಕಲ್ ಹಿಡಿದು ಠಾಣೆಗೆ ಬಂದಂತೆ ಬೆನೆ ಇಸ್ರೇಲಿಗಳೂ ಬಂದರು. ಈಗ ಇಲ್ಲಿರುವಷ್ಟು ಯೆಹೂದಿಗಳು ದೇಶದ ಬೇರೆಲ್ಲೂ ಇಲ್ಲ. 1879ರ ಶಾರ್ ಹಶ್ಶಮಾಯಿಮ್ ಸಿನಗಾಗ್ ಶುಕ್ರವಾರ ಸಂಜೆ ತುಂಬುತ್ತದೆ.

ಮಾವಶಿಯ ಮನೆ ಮೂರನೆಯ ಮಹಡಿ. ಬಾಗಿಲ ಚೌಕಟ್ಟಿನ ಬಲಗಡೆ ಓರೆಯಾಗಿ ಬಡಿದ ಬೆರಳುದ್ದದ ಡಬ್ಬಿ, ಮೆಝುಝಾ. ಒಳಗೆ ಚರ್ಮದ ಚೂರಿನ ಮೇಲೆ ಬರೆದ ಪ್ರಾರ್ಥನೆ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಪಕ್ಕದ ಮನೆಯ ಮರಾಠಾ ಹುಡುಗಿ ಒಂದು ಬಟ್ಟಲು ಸಕ್ಕರೆ ಕೇಳಲು ಬಂದವಳೂ ರೂಢಿಬಲದಿಂದ ಅದನ್ನು ಮುಟ್ಟಿಯೇ ಒಳಗೆ ಬಂದಳು.

ನಾನು ಹೋದಾಗ ಅಡುಗೆ ಅರ್ಧ ದಾರಿಯಲ್ಲಿತ್ತು. ಶಬ್ಬಾತ್ ಎಂದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಕಾಣುವವರೆಗಿನ ವಾರದ ಬಿಡುವು. ಆ ಹೊತ್ತಿನಲ್ಲಿ ಒಲೆ ಹಚ್ಚುವ ಹಾಗಿಲ್ಲ, ಎರಡು ದಿನದ ಅಡುಗೆ ಸಂಜೆ ಆರರೊಳಗೆ ಮುಗಿಯಬೇಕು. ಬೆಳಿಗ್ಗೆಯೇ ಕಪ್ಪು ಒಣದ್ರಾಕ್ಷಿ ನೀರಲ್ಲಿ ನೆನೆದಿತ್ತು. ಅದನ್ನು ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಶರಬತ್ತು. ಬೇರೆ ಕಡೆಯ ಯೆಹೂದಿಗಳು ದ್ರಾಕ್ಷಾರಸದ ಮೇಲೆ ಹೇಳುವ ಕಿದ್ದುಶ್ ಮಂತ್ರವನ್ನು ಇವರು ಇದರ ಮೇಲೆ ಹೇಳುತ್ತಾರೆ.

‘ಕೋಳಿ ನಿನಗಲ್ಲ, ಹೆದರಬೇಡ’ ಎಂದರು ಮಾವಶಿ. ‘ನಿನಗೆ ಬಿರಡಾ ಮಾಡಿದ್ದೇನೆ.’

ಬಿರಡಾ ಎಂದರೆ ಮೊಳಕೆ ಬರಿಸಿ, ಸಿಪ್ಪೆ ಹಿಸುಕಿ ತೆಗೆದ ವಾಲ್ ಕಾಳು, ಹೆಚ್ಚುಕಡಿಮೆ ನಮ್ಮ ಹಿದಕಿದ ಅವರೆಯೇ. ಮೇಲೆ ತೆಂಗಿನ ಹಾಲು. ಈ ಅಡುಗೆಮನೆಯಲ್ಲಿ ಎಲ್ಲಕ್ಕೂ ತೆಂಗಿನ ಹಾಲೇ, ಅದಕ್ಕೆ ಕಾರಣವೂ ಇದೆ. ಮಾಂಸದ ಜೊತೆ ಹಾಲು, ಮೊಸರು, ಬೆಣ್ಣೆ ಕೂಡದು ಎಂಬುದು ಅವರ ಕಟ್ಟುನಿಟ್ಟು. ಕೊಂಕಣದ ತೆಂಗು ಆ ಕಟ್ಟನ್ನು ಕಷ್ಟವೇ ಅಲ್ಲದಂತೆ ಮಾಡಿಬಿಟ್ಟಿದೆ. ಮೀನಿಗೂ ಲೆಕ್ಕವಿದೆ, ರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಹಾಗಾಗಿ ಸುತ್ತಲೂ ಸೀಗಡಿ, ಏಡಿ ತಿನ್ನುವ ಕಡಲತೀರದಲ್ಲಿ ಇವರು ಸುರಮಯಿ, ರಾವಸ್ ಕೊಳ್ಳುತ್ತಾರೆ.

ಈ ಹುರುಪೆಯ ಲೆಕ್ಕದಿಂದಲೇ ಇವರು ಯಾರೆಂಬುದು ಹೊರಗಿನವರಿಗೆ ತಿಳಿದದ್ದು. ಡೇವಿಡ್ ರಹಾಬಿ ಎಂಬ ಯೆಹೂದಿ ಕೊಂಕಣಕ್ಕೆ ಬಂದ. ಸಾವಿರ ವರ್ಷದ ಹಿಂದೆ ಎನ್ನುವವರಿದ್ದಾರೆ, 18ನೇ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೇ ಅವನು ಎನ್ನುವವರೂ ಇದ್ದಾರೆ. ಇಲ್ಲಿ ಶನಿವಾರ ದುಡಿಯದ, ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸುವ, ಆದರೆ ಹೀಬ್ರೂ ಅಕ್ಷರ ತಿಳಿಯದ ಜನರನ್ನು ಕಂಡ. ಹೆಂಗಸರ ಕೈಗೆ ಬೆರಕೆ ಮೀನು ಕೊಟ್ಟು ಅಡುಗೆ ಮಾಡಿ ಎಂದ. ಅವರು ಹುರುಪೆಯಿಲ್ಲದವನ್ನು ಆರಿಸಿ ಪಕ್ಕಕ್ಕಿಟ್ಟರು. ರಹಾಬಿಗೆ ಅಷ್ಟು ಸಾಕಾಯಿತು. ಮೂವರನ್ನು ಆರಿಸಿ ಓದು ಕಲಿಸಿದ, ಆ ಮನೆತನಗಳವರು ಮುಂದೆ ‘ಕಾಜಿ’ಗಳೆಂದು ತೀರ್ಪು ಹೇಳತೊಡಗಿದರು. ಧರ್ಮವನ್ನು ಗಂಡಸರು ಉಳಿಸಿದರೆಂದು ಎಲ್ಲ ಸಮಾಜಗಳ ಇತಿಹಾಸಗಳೂ ಹೇಳುತ್ತವೆ. ಇಲ್ಲಿ ಮಾತ್ರ ಪರೀಕ್ಷೆ ನಡೆದದ್ದು ಒಲೆಯ ಮುಂದೆ, ಪಾಸಾದವರು ಹೆಂಗಸರು.

ಐದೂವರೆಗೆ ಇಸ್ರೇಲಿನ ಅಶ್ದೋದ್‌ನಿಂದ ಮಾವಶಿಯ ಅಣ್ಣನ ವಿಡಿಯೊ ಕರೆ. ಅಲ್ಲಿ ಇನ್ನೂ ಮಧ್ಯಾಹ್ನ ಎರಡು ಗಂಟೆ. ‘ನಮಗಿಂತ ಮೊದಲು ನಿಮಗೇ ಶಬ್ಬಾತ್’ ಎಂದು ಅವರು ಮರಾಠಿಯಲ್ಲಿ ರೇಗಿಸಿದರು. ಎಂಬತ್ತು ದಾಟಿದ ಆ ಮನುಷ್ಯ 1960ರ ದಶಕದ ಆರಂಭದಲ್ಲಿ ಹೋದವರು. ಹೋದ ಹೊಸದರಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ಇವರನ್ನು ಅಪ್ಪಟ ಯೆಹೂದಿಗಳೆಂದು ಒಪ್ಪಲಿಲ್ಲ. ಮದುವೆ ಮಾಡಿಸಬೇಕಾದರೆ ತಲೆಮಾರುಗಳ ವಂಶ ತೋರಿಸಿ ಎಂದರು. ಧರಣಿ, ಉಪವಾಸ ಎಲ್ಲ ನಡೆದು 1964ರಲ್ಲಿ ಸರ್ಕಾರವೇ ಇವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದಿಗಳೆಂದು ಘೋಷಿಸಬೇಕಾಯಿತು. ‘ರಾಯಗಡದಲ್ಲಿ ಎಲ್ಲರಿಗೂ ಗೊತ್ತಿತ್ತು ನಾವು ಯಾರೆಂದು, ಜೆರುಸಲೇಮಿನಲ್ಲಿ ಹೇಳಿ ನಂಬಿಸಬೇಕಾಯಿತು’ ಎಂದರು. ಆಮೇಲೆ ಅಲ್ಲಿ ಸಿಗುವ ಅವಲಕ್ಕಿ ಚೆನ್ನಾಗಿಲ್ಲ ಎಂಬ ದೂರು.

ಸೂರ್ಯ ಇಳಿಯುವ ಮುನ್ನ ಮಾವಶಿ ತಲೆಗೆ ಸೆರಗು ಹೊದ್ದು ದೀಪ ಹಚ್ಚಿದರು. ಗಾಜಿನ ಲೋಟದಲ್ಲಿ ಕೆಳಗೆ ನೀರು, ಮೇಲೆ ಕೊಬ್ಬರಿ ಎಣ್ಣೆ, ಬತ್ತಿ. ಕಣ್ಣು ಮುಚ್ಚಿ ಹೀಬ್ರೂ ಮಂತ್ರ. ಆಮೇಲೆ ಸಣ್ಣ ದನಿಯಲ್ಲಿ ಮರಾಠಿಯಲ್ಲಿ ಮಕ್ಕಳು, ಮೊಮ್ಮಕ್ಕಳು, ಅಶ್ದೋದಿನ ಅಣ್ಣ, ಮಂಡಿನೋವು, ಎಲ್ಲದರ ಅಹವಾಲು.

ಸಿನಗಾಗಿನಲ್ಲಿ ಹೆಂಗಸರ ಕಡೆ ಕೂತೆ. ಪ್ರಾರ್ಥನೆ ನಡೆಸುವ ಹಜ್ಜಾನ್ ನಡುವಿನ ಕಟ್ಟೆಯ ಮೇಲೆ ನಿಂತು ಹೇಳಿಕೊಡುತ್ತಾರೆ, ಜನ ದನಿಗೂಡಿಸುತ್ತಾರೆ. ರಾಗ ಕೇಳಿದರೆ ಕೊಂಕಣದ ಭಜನೆಯ ನೆರಳು ಅಲ್ಲಲ್ಲಿ ಕಾಣುತ್ತದೆ. ಶಬ್ಬಾತನ್ನು ಮದುಮಗಳೆಂದು ಸ್ವಾಗತಿಸುವ ಹಾಡಿನ ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿ ಬಾಗಿದರು. ಪ್ರಾರ್ಥನೆ ಮುಗಿದ ಮೇಲೆ ನಡೆದದ್ದು ನನಗೆ ಹೊಸದು. ಹಿರಿಯರು ಎರಡೂ ಕೈ ಚಾಚುತ್ತಾರೆ, ಎದುರಿನವರು ಅದನ್ನು ತಮ್ಮ ಕೈಗಳ ನಡುವೆ ತೆಗೆದುಕೊಳ್ಳುತ್ತಾರೆ, ಬಿಟ್ಟ ಮೇಲೆ ಇಬ್ಬರೂ ತಮ್ಮ ಬೆರಳುಗಳನ್ನು ತುಟಿಗೆ ತಾಗಿಸಿಕೊಳ್ಳುತ್ತಾರೆ. ಹಾತಬೋಶಿ ಅದರ ಹೆಸರು. ಬೆಂಚಿನಿಂದ ಬೆಂಚಿಗೆ ಸಾಗಿ ನನ್ನವರೆಗೂ ಬಂತು. ಗುರುತಿಲ್ಲದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ‘ಶಬ್ಬಾತ್ ಶಾಲೋಮ್, ಬಾಳಾ’ ಎಂದರು.

ಮನೆಯಲ್ಲಿ ಗೆಳತಿಯ ತಮ್ಮ ಬೆಳ್ಳಿಯ ಬಟ್ಟಲು ಎತ್ತಿ ಕಿದ್ದುಶ್ ಹೇಳಿದ. ಶರಬತ್ತು ಎಲ್ಲರಿಗೂ ಒಂದೊಂದು ಗುಟುಕು. ರೊಟ್ಟಿಯ ಜಾಗದಲ್ಲಿ ಚಪಾತಿ, ಚೂರು ಮಾಡಿ ಉಪ್ಪಿನಲ್ಲಿ ಅದ್ದಿ ಹಂಚಿದ. ಊಟಕ್ಕೆ ಹನ್ನೊಂದು ಗಂಟೆಯವರೆಗೂ ಮುಗಿಯುವ ಮನಸ್ಸಿರಲಿಲ್ಲ. ಫೋನಿಲ್ಲ, ಟೀವಿಯಿಲ್ಲ. ಮಾತು ಮಾತ್ರ.

ಶನಿವಾರ

ಬೆಳಿಗ್ಗೆ ತೋರಾ ಓದು, ಮಧ್ಯಾಹ್ನ ನಿದ್ದೆ. ನನಗೂ ನಿದ್ದೆ ಬಂತು. ಈ ಮನೆಯವರೇನೂ ಅತಿ ಮಡಿಯವರಲ್ಲ. ಗೆಳತಿಯ ಮಗಳು ಕಾಲ್ ಸೆಂಟರಿನ ಪಾಳಿಗೆ ಹೋದಳು, ಮಾವಶಿ ಏನೂ ಅನ್ನಲಿಲ್ಲ, ಡಬ್ಬಿ ಕಟ್ಟಿಕೊಟ್ಟರು.

ಸಂಜೆ ಮಾವಶಿ ಹಳೆಯ ಹಬ್ಬಗಳ ಲೆಕ್ಕ ಹೇಳಿದರು. ಹೀಬ್ರೂ ಹೆಸರುಗಳು ಗೊತ್ತಾಗುವ ಮೊದಲು ಹಬ್ಬಗಳನ್ನು ಇವರು ಮರಾಠಿಯಲ್ಲಿ ತಮಗೆ ತೋಚಿದಂತೆ ಕರೆಯುತ್ತಿದ್ದರು. ಸಣ ಎಂದರೆ ಹಬ್ಬ. ಹೊಸ ವರ್ಷ ‘ನವ್ಯಾಚಾ ಸಣ’. ಯೋಮ್ ಕಿಪ್ಪುರ್ ‘ದಾರ್‌ಫಾಲ್ನೀಚಾ ಸಣ’: ಅಂದು ಬಾಗಿಲು ಮುಚ್ಚಿಕೊಂಡು, ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು ಯಾರ ಜೊತೆಗೂ ಮಾತಾಡದೆ ಕೂರುವುದು. ಅದರ ಮಾರನೆಯ ದಿನ ‘ಶಿಳಾ ಸಣ’, ದಾನಧರ್ಮ, ನೆಂಟರ ಮನೆ. ಜೆರುಸಲೇಮಿನ ದೇವಾಲಯ ಉರುಳಿದ ನೆನಪಿನ ಶೋಕದ ದಿನ ‘ಬಿರಡ್ಯಾಚಾ ಸಣ’. ಅಂದು ಉಪವಾಸ ಬಿಡುವುದು ನಾನು ನಿನ್ನೆ ಉಂಡ ಆ ಕಾಳಿನಲ್ಲಿ. ಪುರಿಮ್ ಹಬ್ಬಕ್ಕೆ ಹೂರಣದ ಹೋಳಿಗೆ, ಅದು ಹೋಳಿಯ ಆಸುಪಾಸಿಗೆ ಬರುವುದರಿಂದ ‘ಹೋಳೀಚಾ ಸಣ’. ಹನುಕ್ಕಾ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಆ ಹಬ್ಬ ಹುಟ್ಟಿದ ಘಟನೆ ಕ್ರಿಸ್ತಪೂರ್ವ 2ನೇ ಶತಮಾನದ್ದು. ಅದಕ್ಕಿಂತ ಮೊದಲೇ ತಮ್ಮ ಪೂರ್ವಜರು ಇಸ್ರೇಲ್ ನಾಡಿನಿಂದ ಹೊರಟಿದ್ದರು ಎಂಬುದಕ್ಕೆ ಇದನ್ನೇ ಪುರಾವೆಯಾಗಿ ಹಿಡಿಯುತ್ತಾರೆ. ವಾದ ಎಷ್ಟು ಗಟ್ಟಿಯೋ, ಚಂದವಂತೂ ಇದೆ.

ಮೂರು ನಕ್ಷತ್ರ ಕಂಡ ಮೇಲೆ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ. ಹೆಣೆದ ಮೇಣದಬತ್ತಿ, ಲವಂಗದ ಪರಿಮಳ, ಮತ್ತೆ ಶರಬತ್ತು. ಬತ್ತಿಯನ್ನು ಶರಬತ್ತಿನಲ್ಲಿ ಅದ್ದಿ ಆರಿಸಿದ ಮರುಕ್ಷಣ ನಾಲ್ಕು ಫೋನುಗಳು ಒಟ್ಟಿಗೆ ಕಿಣಿಗುಟ್ಟಿದವು. ನಾಳೆಯ ಬಸ್ಸಿಗೆ ಯಾರು ಬರುತ್ತಾರೆ, ಯಾರು ತಪ್ಪಿಸುತ್ತಾರೆ ಎಂಬ ಪಂಚಾಯಿತಿ ಮಧ್ಯರಾತ್ರಿಯವರೆಗೆ.

ಭಾನುವಾರ, ನವಗಾಂವ್, ಅಲಿಬಾಗ್, ಖಂಡಾಲಾ

ಹಬ್ಬದ ತಿಥಿ ಭಾನುವಾರ ಸೂರ್ಯಾಸ್ತಕ್ಕೆ ಶುರು, ಸೋಮವಾರ ಇಡೀ ದಿನ. ರಜೆಯ ಅನುಕೂಲಕ್ಕೆ ಬಸ್ಸು ಭಾನುವಾರವೇ ಹೊರಟಿತು. ಬಾಡಿಗೆ ಬಸ್ಸು, ಹಿಂದಿನ ಸೀಟಿನ ತುಂಬ ಬಾಳೆಗೊನೆ, ತೆಂಗಿನಕಾಯಿ, ಪಾತ್ರೆಗಳು. ಪನವೇಲ್, ಪೇಣ್, ವಡಖಳ್. ದಾರಿಯುದ್ದಕ್ಕೂ ಅಂತ್ಯಾಕ್ಷರಿ, ಎಲ್ಲ ಹಳೆಯ ಹಿಂದಿ ಹಾಡುಗಳೇ. ವಡಖಳ್‌ನಲ್ಲಿ ವಡಾಪಾವಿಗೆ ನಿಂತಾಗ ಗಂಡಸರ ತಲೆ ಎಣಿಸಿದರು, ಯಾಕೆಂದು ಆಮೇಲೆ ಗೊತ್ತಾಯಿತು.

ನವಗಾಂವ್ ಅಲಿಬಾಗಿನ ಉತ್ತರಕ್ಕೆ, ಕಿಹಿಮಿನ ಹತ್ತಿರ, ಕಡಲ ದಂಡೆಯ ಹಳ್ಳಿ. ಬೆನೆ ಇಸ್ರೇಲಿಗಳ ನೆನಪು ಶುರುವಾಗುವುದು ಇಲ್ಲಿಂದ. ಎರಡು ಸಾವಿರ ವರ್ಷದ ಹಿಂದೆ ಹಡಗೊಂದು ಇಲ್ಲಿ ಒಡೆಯಿತು, ಬದುಕಿ ದಡ ಸೇರಿದವರು ಏಳು ಗಂಡಸರು, ಏಳು ಹೆಂಗಸರು. ಪುಸ್ತಕ, ಸುರುಳಿ ಎಲ್ಲ ಸಮುದ್ರದ ಪಾಲು. ಬಾಯಲ್ಲಿ ಉಳಿದದ್ದು ಶೆಮಾ ಪ್ರಾರ್ಥನೆ ಒಂದೇ: ‘ಕೇಳು ಇಸ್ರೇಲ್, ದೇವರು ಒಬ್ಬನೇ’. ಹುಟ್ಟಿಗೂ ಅದೇ, ಮದುವೆಗೂ ಅದೇ, ಸಾವಿಗೂ ಅದೇ. ದಡಕ್ಕೆ ಬಂದ ಹೆಣಗಳನ್ನು ಇಲ್ಲಿಯೇ ಹೂತರು. ಗಂಡಸರದೊಂದು ದಿಬ್ಬ, ಹೆಂಗಸರದೊಂದು. ಈಗ ಅಲ್ಲಿ ಸ್ಮಾರಕ ಸ್ತಂಭವಿದೆ, ಸುತ್ತ ಹಳೆಯ ಗೋರಿಗಳು. ಇದೇ ಕೊಂಕಣ ತೀರದ ಚಿತ್ಪಾವನರ ಕಥೆಯಲ್ಲೂ ಸಮುದ್ರದಿಂದ ತೇಲಿಬಂದ ಹದಿನಾಲ್ಕು ದೇಹಗಳಿವೆ, ಅವಕ್ಕೆ ಜೀವ ಕೊಟ್ಟವನು ಪರಶುರಾಮ. ಯಾರು ಯಾರಿಂದ ಕಥೆ ಕೇಳಿದರೋ. 2016ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರ ರಕ್ತದಲ್ಲಿ ಮಧ್ಯಪ್ರಾಚ್ಯದ್ದೂ ಈ ನೆಲದ್ದೂ ಎರಡೂ ಬೇರುಗಳನ್ನು ಕಂಡಿತು. ಬಸ್ಸಿನಲ್ಲಿ ಅದನ್ನು ಎತ್ತಿದಾಗ ಗೆಳತಿಯ ತಮ್ಮ, ‘ಅದಕ್ಕೆ ರಕ್ತ ಯಾಕೆ ತೆಗೀಬೇಕಿತ್ತು, ನಮ್ಮ ಅಡ್ಡಹೆಸರು ಕೇಳಿದ್ದರೆ ಸಾಕಿತ್ತು’ ಎಂದ.

ದಿಬ್ಬದ ಮುಂದೆ ಯಾರೂ ಅಳಲಿಲ್ಲ. ಹಜ್ಜಾನ್ ಮೃತರಿಗಾಗಿ ಹಶ್ಕಬಾ ಹೇಳಿದರು. ಮಕ್ಕಳು ಬೇಲಿಯ ಆಚೆ ಕ್ರಿಕೆಟ್ ಆಡುತ್ತಿದ್ದ ಊರಿನ ಹುಡುಗರ ಜೊತೆ ಸೇರಿಕೊಂಡರು.

ಅಲಿಬಾಗಿನ ಇಸ್ರೇಲ್ ಆಳಿ ಒಂದು ಕಿರಿದಾದ ಓಣಿ. ಹಳೆಯ ಜಗಲಿಮನೆಗಳಲ್ಲಿ ಈಗ ಹೆಚ್ಚಿನವರು ಬೇರೆಯವರು, ಹೆಸರು ಮಾತ್ರ ಹಾಗೆಯೇ. ಮಾಗೆನ್ ಆಬೋತ್ ಸಿನಗಾಗ್ ಇಲ್ಲಿದೆ, 1848ರಲ್ಲಿ ಹುಟ್ಟಿದ್ದು, 1910ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಗೋಡೆಗೆ ಒರಗಿದ ಒಂದು ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಅದು ಎಲಿಯಾಹು ಹನ್ನಾಬಿಗೆ ಮೀಸಲು.

ಅಲ್ಲಿ ಒಬ್ಬ ಹಿರಿಯರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಬೆಳಿಗ್ಗೆಯಿಂದಲೇ ಕಾಯುತ್ತಿದ್ದರು. ಅಂದು ಅವರ ಹೆಂಡತಿಯ ವರ್ಷದ ದಿನ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ಮಿನ್ಯಾನ್ ಬೇಕು, ಎಂದರೆ ಹದಿಮೂರು ತುಂಬಿದ ಹತ್ತು ಗಂಡಸರು. ಊರಲ್ಲಿ ಅಷ್ಟು ಜನರಿಲ್ಲ. ಒಬ್ಬನೇ ಕೂತು ಎಷ್ಟು ಪ್ರಾರ್ಥನೆ ಬೇಕಾದರೂ ಹೇಳಿಕೊಳ್ಳಬಹುದು, ಇದೊಂದನ್ನು ಹೇಳುವ ಹಾಗಿಲ್ಲ. ಸತ್ತವರನ್ನು ನೆನೆಯುವುದಕ್ಕೆ ಬದುಕಿರುವವರ ಕೋರಂ ಬೇಕೆಂಬ ಈ ನಿಯಮ ಮೊದಲು ಕೇಳಿದಾಗ ಕ್ರೂರವೆನಿಸಿತ್ತು. ಅಂದು ಹಾಗೆನಿಸಲಿಲ್ಲ. ಆ ನಿಯಮವಿಲ್ಲದಿದ್ದರೆ ಠಾಣೆಯ ಬಸ್ಸು ನೇರ ಖಂಡಾಲಾಕ್ಕೆ ಹೋಗಿಬಿಡುತ್ತಿತ್ತು, ಈ ಓಣಿಗೆ ಯಾರೂ ತಿರುಗುತ್ತಿರಲಿಲ್ಲ. ಮಧ್ಯಾಹ್ನದ ಪ್ರಾರ್ಥನೆ ನಡೆಯಿತು. ಹದಿಮೂರು ತುಂಬಿ ಇನ್ನೂ ತಿಂಗಳಾಗದ ಹುಡುಗನೊಬ್ಬ ತನ್ನನ್ನೂ ಎಣಿಸಿದರೆಂದು ಎದೆಯುಬ್ಬಿಸಿ ಮುಂದಿನ ಸಾಲಿಗೆ ಹೋಗಿ ನಿಂತ. ಹಿರಿಯರು ಪುಸ್ತಕ ನೋಡದೆ ಕದ್ದಿಶ್ ಹೇಳಿದರು, ಉಳಿದವರು ‘ಆಮೇನ್’ ಎಂದರು. ಹೊರಬರುವಾಗ ಪಕ್ಕದ ಮನೆಯ ಕೋಳಿ ಎಂಬ ಮೀನುಗಾರ ಸಮಾಜದ ಹೆಂಗಸು ಎಲ್ಲರಿಗೂ ಚಹಾ ಕೊಟ್ಟಳು. ತೀರಿಕೊಂಡವರ ಗೆಳತಿಯಂತೆ, ಅವಳಿಗೂ ತಾರೀಖು ನೆನಪಿತ್ತು.

ಖಂಡಾಲಾ ಎಂದರೆ ಲೋಣಾವಳದ ಪಕ್ಕದ್ದಲ್ಲ, ಅಲಿಬಾಗಿನ ಸಮೀಪದ ಇನ್ನೊಂದು ಹಳ್ಳಿ. ಅಲ್ಲಿನ ಬಂಡೆಯ ಮೇಲೆ ಪ್ರವಾದಿ ಎಲಿಯಾಹು ತನ್ನ ರಥದೊಂದಿಗೆ ಇಳಿದನೆಂದೂ ಇಲ್ಲಿಂದಲೇ ಸ್ವರ್ಗಕ್ಕೆ ಏರಿದನೆಂದೂ ಇವರ ನಂಬಿಕೆ. ಕಲ್ಲಿನಲ್ಲಿ ಚಕ್ರದ ಗೆರೆ, ಕುದುರೆಯ ಗೊರಸಿನ ಗುರುತು ತೋರಿಸುತ್ತಾರೆ. ಬೈಬಲ್ಲಿನ ಪ್ರವಾದಿ ಕೊಂ‌ಕಣದ ಬಂಡೆಯ ಮೇಲೆ ಇಳಿಯಬಾರದೆಂದೇನಿದೆ? ರಾಮಸೀತೆಯರು ಮಿಂದ ಹೊಂಡ ನಮ್ಮ ಜಿಲ್ಲೆಗೆ ಎಷ್ಟು ಬೇಡ! ಪೋಲೆಂಡಿನಲ್ಲೋ ಮೊರಾಕ್ಕೊದಲ್ಲೋ ಇರುವ ಯೆಹೂದಿಗೆ ಗೊತ್ತಿಲ್ಲದ ಒಂದು ಪುಣ್ಯಕ್ಷೇತ್ರವನ್ನು ಇವರು ತಮ್ಮ ನೆಲದಲ್ಲೇ ಮಾಡಿಕೊಂಡರು.

ಇಲ್ಲಿ ಮಲೀದಾ. ತೊಳೆದು ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಕಲಸುವುದು. ದೊಡ್ಡ ತಟ್ಟೆಯಲ್ಲಿ ಗೋಪುರ ಮಾಡಿ ಸುತ್ತ ಬಾಳೆಹಣ್ಣು, ಖರ್ಜೂರ, ಸೇಬು, ಕಿತ್ತಳೆ, ಮೇಲೆ ಗುಲಾಬಿ ಹೂ. ಕಲಸುವ ಕೆಲಸ ಹೆಂಗಸರದು, ಎಷ್ಟು ಕೈಗಳೋ ಅಷ್ಟು ಅಭಿಪ್ರಾಯ: ಏಲಕ್ಕಿ ಸಾಲದು, ನೀರು ಹೆಚ್ಚಾಯಿತು, ಬೆಲ್ಲ ಹಾಕಬೇಕಿತ್ತು. ನನ್ನ ಕೈಗೂ ತೆಂಗಿನಕಾಯಿ ತುರಿಯುವ ಕೆಲಸ ಬಂತು. ಗಂಡಸರು ಎಲಿಯಾಹುವನ್ನು ಕರೆಯುವ ಹಾಡು ಎತ್ತಿದರು, ಪಲ್ಲವಿ ಬಂದಾಗಲೆಲ್ಲ ಮಕ್ಕಳ ದನಿ ದೊಡ್ಡವರದನ್ನು ಮೀರುತ್ತಿತ್ತು. ಮರದ ಹಣ್ಣಿಗೊಂದು ಮಂತ್ರ, ನೆಲದ ಬೆಳೆಗೊಂದು, ಪರಿಮಳಕ್ಕೊಂದು ಹೇಳಿ ಹಂಚಿದರು. ಹೊಸ ಕೆಲಸ, ಹೆರಿಗೆ, ವೀಸಾ, ಮನೆ ಖರೀದಿ, ಯಾವ ಹರಕೆ ತೀರಿದರೂ ಇವರಿಗೆ ಮಲೀದಾ ಆಗಬೇಕು. ಇಸ್ರೇಲಿನಲ್ಲಿ ಹುಟ್ಟಿದ ಮೊಮ್ಮಕ್ಕಳೂ ಬಿಟ್ಟಿಲ್ಲವಂತೆ.

ಪಕ್ಕದ ಗದ್ದೆಯಲ್ಲಿ ಕೆಲಸ ಮುಗಿಸಿದ ಕೆಲವರು ಬಂದು ಕಲ್ಲಿಗೆ ಕೈಮುಗಿದು ಪ್ರಸಾದ ತೆಗೆದುಕೊಂಡರು. ಅವರಿಗೆ ಅದು ಪ್ರಸಾದವೇ. ಯಾರೂ ತಿದ್ದಲು ಹೋಗಲಿಲ್ಲ.

ಸೋಮವಾರ, ರೇವದಂಡಾ

ಬಸ್ಸು ರಾತ್ರಿಯೇ ಠಾಣೆಗೆ ಮರಳಿತು. ನಾನು ಅಲಿಬಾಗಿನಲ್ಲಿ ಉಳಿದು, ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ಚೌಲ್ ದಾಟಿ ರೇವದಂಡಾಕ್ಕೆ ಹೋದೆ. ಹಿಂದಿ ಚಿತ್ರಗಳಲ್ಲಿ ಬೊಕ್ಕತಲೆಯ ಪ್ರೀತಿಯ ಚಾಚಾ ಆಗಿ ಬರುತ್ತಿದ್ದ ನಟ ಡೇವಿಡ್ ಅವರ ಪೂರ್ಣ ಹೆಸರು ಡೇವಿಡ್ ಅಬ್ರಹಾಂ ಚೇವೂಲ್‌ಕರ್, ಈ ಚೌಲಿನ ಕಡೆಯ ಮನೆತನ. ರೇವದಂಡಾದಲ್ಲಿ ಪೋರ್ಚುಗೀಸರ ಕೋಟೆಯ ಮುರುಕು ಗೋಡೆಗಳಿವೆ, ಅಡಿಕೆ ತೋಟಗಳಿವೆ. ಬೆತ್ ಎಲ್ ಸಿನಗಾಗ್ 1842ರದು. ಹೊರಗಿನಿಂದ ನೋಡಿದೆ, ಅಂಗಳ ಗುಡಿಸಿತ್ತು. ನೋಡಿಕೊಳ್ಳುವವರು ಪೇಟೆಗೆ ಹೋಗಿದ್ದರು, ಸಂಜೆ ಬಸ್ಸಿದ್ದ ನನಗೆ ಕಾಯುವ ವ್ಯವಧಾನವಿರಲಿಲ್ಲ.

ಬದಲಿಗೆ ಕಿರಾಣಿ ಅಂಗಡಿಗೆ ಹೋದೆ. ಮಾವಶಿ ಅಶ್ದೋದಿನ ಅಣ್ಣನಿಗೆ ಕಳಿಸಲು ಅವಲಕ್ಕಿ ಹೇಳಿದ್ದರು, ಮುಂದಿನ ವಾರ ಯಾರೋ ಹೊರಡುವವರಿದ್ದಾರಂತೆ. ಪಾರ್ಸೆಲ್ಲನ್ನು ಠಾಣೆಗೆ ಹೋಗುವ ಅಲಿಬಾಗಿನ ಪರಿಚಯದವರ ಕೈಗೆ ಕೊಟ್ಟು ನಾನು ಪನವೇಲಿಗೆ ಹೋಗುವುದೆಂದು ಲೆಕ್ಕ. ಎರಡು ಕಿಲೊ ಕೇಳಿದೆ.

‘ಚಿವಡಾಕ್ಕೋ, ಮಲೀದಾಕ್ಕೋ?’ ಎಂದ ಅಂಗಡಿಯವನು. ಅವನ ಹಣೆಯಲ್ಲಿ ಗಂಧವಿತ್ತು.

‘ಮಲೀದಾಕ್ಕೆ.’

ತಕ್ಕಡಿಗೆ ಸುರಿದದ್ದನ್ನು ವಾಪಸ್ ಡಬ್ಬಕ್ಕೆ ಹಾಕಿ, ಒಳಗಿನಿಂದ ಇನ್ನೊಂದು ಚೀಲ ಎಳೆದು ತಂದ. ‘ಇದು ನೆನೆದರೂ ಮುದ್ದೆಯಾಗುವುದಿಲ್ಲ. ತೆಳುವಾದದ್ದು ಕೊಟ್ಟರೆ ಆಮೇಲೆ ಫೋನ್ ಮಾಡಿ ನನ್ನನ್ನೇ ಬೈಯುತ್ತಾರೆ.’ ಕಿಲೊಗೆ ಹತ್ತು ರೂಪಾಯಿ ಜಾಸ್ತಿ. ಚೌಕಾಸಿ ಮಾಡಿದೆ, ಐದು ಬಿಟ್ಟ.